ಧ್ಯಾನದ ಆಳದಲ್ಲಿ ಎಡವದಿರಲು

ಧ್ಯಾನ ಮಾಡುವವರ ಅನುಭವಗಳನ್ನು ನೀವು ಕೇಳಿರಬಹುದು. 'ಹುಬ್ಬುಗಳ ನಡುವೆ ನೀಲಿ ಬೆಳಕು ಕಂಡಿತು', 'ದೇಹವೇ ಇಲ್ಲದಂತಾಯಿತು', 'ಒಂದು ಗಂಟೆ ಕಳೆದದ್ದೇ ತಿಳಿಯಲಿಲ್ಲ' ಎಂದು ಕೆಲವರು ಸಂತೋಷದಿಂದ ಹೇಳಿಕೊಳ್ಳುತ್ತಾರೆ. 'ಎದೆ ಡವಡವ ಹೊಡೆದುಕೊಂಡಿತು, ಭಯವಾಯಿತು' ಎನ್ನುವವರೂ ಇದ್ದಾರೆ. ಆದರೆ ಅವರು ಅದನ್ನು ಸಂಕೋಚದಿಂದ ಹೇಳುತ್ತಾರೆ. ಮೊದಲಿನವರು ಸಾಧನೆಯಲ್ಲಿ ಮುಂದುವರಿದಿದ್ದಾರೆ, ಎರಡನೆಯವರು ಎಲ್ಲೋ ತಪ್ಪಿದ್ದಾರೆ ಎಂದು ಭಾವಿಸುವುದು ವಾಡಿಕೆ. ಈ ಭಾವನೆ ಸರಿಯೆ? ದೇಹ ಮತ್ತು ಮಿದುಳು ಕೆಲಸ ಮಾಡುವ ರೀತಿಯನ್ನು ಅರಿತರೆ ಉತ್ತರ ದೊರೆಯುತ್ತದೆ.

ಧ್ಯಾನದ ವೈಜ್ಞಾನಿಕ ಅಧ್ಯಯನದಲ್ಲಿ ಭಾರತದ ಪಾಲು ದೊಡ್ಡದು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಬಿ.ಕೆ. ಆನಂದ್ ಮತ್ತು ಸಂಗಡಿಗರು ಯೋಗಿಗಳ ಮಿದುಳಿನ ವಿದ್ಯುತ್ ಅಲೆಗಳನ್ನು ಇ.ಇ.ಜಿ. ಯಂತ್ರದಿಂದ ದಾಖಲಿಸಿ 1961ರಲ್ಲಿ ವರದಿ ಪ್ರಕಟಿಸಿದರು. ಜಪಾನಿನ ಕಾಸಾಮಾತ್ಸು ಮತ್ತು ಹಿರಾಯಿ 1966ರಲ್ಲಿ ಝೆನ್ ಸಾಧಕರ ಬಗ್ಗೆ ಇಂತಹದೇ ವರದಿ ನೀಡಿದರು. ಧ್ಯಾನದಲ್ಲಿ ಆಲ್ಫಾ ಅಲೆಗಳು (ಸೆಕೆಂಡಿಗೆ 8ರಿಂದ 13 ಆವರ್ತ) ಹೆಚ್ಚುವುದು, ನುರಿತವರಲ್ಲಿ ಇನ್ನೂ ನಿಧಾನವಾದ ಥೀಟಾ ಅಲೆಗಳು ಕಾಣಿಸಿಕೊಳ್ಳುವುದು ಇವುಗಳಿಂದ ತಿಳಿಯಿತು. ಮೊದಲ ಎಡವು ಇಲ್ಲೇ ಇದೆ.

ನಿದ್ರೆಯೋ, ಧ್ಯಾನವೋ?

ತೂಕಡಿಕೆಯಲ್ಲೂ ಆಲ್ಫಾ ಅಲೆಗಳು ಕುಗ್ಗಿ ಥೀಟಾ ಅಲೆಗಳು ಮೇಲೇಳುತ್ತವೆ. 1976ರಲ್ಲಿ ಅಮೆರಿಕದ ಪಗಾನೊ ಮತ್ತು ಸಂಗಡಿಗರು ಐವರು ಅನುಭವಿ ಸಾಧಕರನ್ನು ಪರೀಕ್ಷಿಸಿದಾಗ, ಅವರು ಧ್ಯಾನದ ಅವಧಿಯ ಗಣನೀಯ ಭಾಗವನ್ನು ನಿಜವಾದ ನಿದ್ರೆಯಲ್ಲೇ ಕಳೆದಿದ್ದರು! 'ಗಂಟೆ ಕಳೆದದ್ದೇ ತಿಳಿಯಲಿಲ್ಲ' ಎಂಬುದು ಹಲವು ವೇಳೆ ಆಳವಾದ ಧ್ಯಾನದ ಗುರುತಲ್ಲ, ನಿದ್ರೆಯ ಕೊರತೆಯ ಗುರುತು. ಹತ್ತು ಉಸಿರುಗಳನ್ನು ತಪ್ಪದೆ ಎಣಿಸಲಾಗುತ್ತಿದೆಯೆ, ಕತ್ತು ಮುಂದಕ್ಕೆ ವಾಲುತ್ತಿದೆಯೆ ಎಂದು ಗಮನಿಸಿ. ಊಟವಾದ ಕೂಡಲೇ ಕುಳಿತುಕೊಳ್ಳಬೇಡಿ. ಮಂಪರು ಬಂದರೆ ಕಣ್ಣು ತೆರೆಯಿರಿ ಅಥವಾ ಎದ್ದು ನಿಧಾನವಾಗಿ ನಡೆಯಿರಿ. ನಿದ್ರೆಯನ್ನು ಕತ್ತರಿಸಿ ಧ್ಯಾನದ ವೇಳೆ ಹೆಚ್ಚಿಸುವುದು ಲಾಭದ ವ್ಯಾಪಾರವಲ್ಲ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕು.

ಉಸಿರಿನ ಗೊಂದಲ

ಉಸಿರನ್ನು ಗಮನಿಸಲು ಕುಳಿತವರು ಅರಿವಿಲ್ಲದೆಯೇ ಅದನ್ನು ದೀರ್ಘವಾಗಿ, ವೇಗವಾಗಿ ಎಳೆಯತೊಡಗುತ್ತಾರೆ. ಆಗ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಅಗತ್ಯಕ್ಕಿಂತ ಕಡಿಮೆಯಾಗುತ್ತದೆ. ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ಸುತ್ತುತ್ತದೆ. ರಕ್ತದ ಕ್ಷಾರೀಯತೆ ಏರುವುದರಿಂದ ಮುಕ್ತ ಕ್ಯಾಲ್ಸಿಯಂ ಅಯಾನುಗಳು ತಗ್ಗಿ, ತುಟಿ ಮತ್ತು ಬೆರಳ ತುದಿಗಳು ಜುಮ್ಮೆನ್ನುತ್ತವೆ. ಇದನ್ನು 'ಶಕ್ತಿ ಸಂಚಾರ' ಎಂದು ತಿಳಿದು ಇನ್ನಷ್ಟು ರಭಸದಿಂದ ಉಸಿರಾಡಿದರೆ ತೊಂದರೆ ಹೆಚ್ಚುತ್ತದೆ. ಉಸಿರನ್ನು ನೋಡಬೇಕೇ ಹೊರತು ನಡೆಸಬಾರದು. ಅಪಸ್ಮಾರ ಅಥವಾ ಹೃದ್ರೋಗ ಇರುವವರು ವೇಗದ ಉಸಿರಾಟದ ಅಭ್ಯಾಸಗಳಿಗೆ ತೊಡಗುವ ಮುನ್ನ ವೈದ್ಯರನ್ನು ಕೇಳಬೇಕು.

ಬೆಳಕಿನ ಬೆನ್ನು ಹತ್ತುವುದು

ತರಗತಿಯಲ್ಲೇ ಒಂದು ಪ್ರಯೋಗ ಮಾಡಿ. ಬಿಳಿ ಹಾಳೆಯ ನಡುವೆ ಕಪ್ಪು ಚುಕ್ಕೆಯೊಂದನ್ನು ಇಟ್ಟು, ಅಂಚಿನಲ್ಲಿ ಪೆನ್ಸಿಲಿನಿಂದ ತೀರ ಮಸುಕಾದ ಕಲೆಯೊಂದನ್ನು ಹಚ್ಚಿ. ರೆಪ್ಪೆ ಮತ್ತು ದೃಷ್ಟಿ ಅಲುಗದಂತೆ ಚುಕ್ಕೆಯನ್ನೇ ಅರ್ಧ ನಿಮಿಷ ನೋಡಿದರೆ ಕಲೆ ಮಾಯವಾಗುತ್ತದೆ! ಇದನ್ನು ಟ್ರಾಕ್ಸ್‌ಲರ್ ಎಂಬ ವೈದ್ಯ 1804ರಲ್ಲೇ ವಿವರಿಸಿದ್ದ. ಬದಲಾಗದ ಸಂವೇದನೆಯನ್ನು ನರವ್ಯೂಹ ಕೈಬಿಡುತ್ತದೆ. ಅಲುಗದೆ ಕುಳಿತಾಗ ದೇಹದ ಅಂಚು ಕರಗಿದಂತೆನಿಸುವುದಕ್ಕೂ ಇಂತಹ ಹೊಂದಾಣಿಕೆ ಒಂದು ಕಾರಣ. ಇನ್ನು, ಕಣ್ಣು ಮುಚ್ಚಿದರೂ ಮಿದುಳಿನ ದೃಷ್ಟಿಭಾಗ ಸುಮ್ಮನಿರುವುದಿಲ್ಲ. ಹೊರಗಿನ ಸುದ್ದಿ ಕಡಿಮೆಯಾದಾಗ ತನ್ನದೇ ಬಣ್ಣ, ಆಕಾರಗಳನ್ನು ಕಟ್ಟುತ್ತದೆ.

ಹಿಂದಿನವರಿಗೂ ಇದು ಗೊತ್ತಿತ್ತು. ಪತಂಜಲಿಯ ಯೋಗಸೂತ್ರ ಹೆಸರಿಸುವ ಒಂಬತ್ತು ವಿಘ್ನಗಳಲ್ಲಿ 'ಭ್ರಾಂತಿದರ್ಶನ'ವೂ ಒಂದು. ಝೆನ್ ಪರಂಪರೆ ಇಂತಹ ದೃಶ್ಯಗಳನ್ನು 'ಮಾಕ್ಯೊ' ಎಂದು ಕರೆದು, ಗಮನ ಕೊಡದೆ ಮುಂದೆ ಸಾಗಲು ಹೇಳುತ್ತದೆ. ಬೆಳಕು ಕಂಡದ್ದು ತಪ್ಪಲ್ಲ. ನಿನ್ನೆ ಕಂಡದ್ದು ಇಂದೂ ಕಾಣಲೆಂದು ಕಾಯುತ್ತ ಕೂರುವುದು ತಪ್ಪು.

ಭಯ ಕಾಡಿದಾಗ

ಧ್ಯಾನದಿಂದ ಎಲ್ಲರಿಗೂ ಶಾಂತಿಯೇ ದೊರೆಯುತ್ತದೆ ಎಂಬ ನಂಬಿಕೆ ಎಲ್ಲಕ್ಕಿಂತ ಅಪಾಯದ್ದು. 2020ರಲ್ಲಿ ಪ್ರಕಟವಾದ, 83 ಅಧ್ಯಯನಗಳನ್ನು ಒಟ್ಟುಗೂಡಿಸಿದ ಸಮೀಕ್ಷೆಯೊಂದು ಸುಮಾರು ನೂರಕ್ಕೆ ಎಂಟು ಮಂದಿಯಲ್ಲಿ ಅಹಿತಕರ ಪರಿಣಾಮಗಳನ್ನು ಗುರುತಿಸಿತು. ಆತಂಕ ಮತ್ತು ಖಿನ್ನತೆ ಇವುಗಳಲ್ಲಿ ಮುಖ್ಯ. ಅಧ್ಯಯನಗಳ ವಿಧಾನ ಒಂದೇ ಬಗೆಯದಲ್ಲದ ಕಾರಣ ಈ ಅಂಕಿಯನ್ನು ಅಂದಾಜೆಂದೇ ತಿಳಿಯಬೇಕು. ಆದರೆ ಮೊದಲು ಮಾನಸಿಕ ತೊಂದರೆ ಇಲ್ಲದವರಲ್ಲೂ ಹೀಗಾಗಬಹುದೆಂಬುದು ಗಮನಾರ್ಹ. ಹದಿನೆಂಟನೆಯ ಶತಮಾನದ ಜಪಾನಿನ ಝೆನ್ ಗುರು ಹಕುಯಿನ್ ಕೂಡ ಅತಿಯಾದ ಸಾಧನೆಯಿಂದ ತಾನು ಕಾಯಿಲೆಬಿದ್ದುದನ್ನು ಬರೆದಿಟ್ಟಿದ್ದಾನೆ.

ಆದ್ದರಿಂದ ಹೊಸಬರು ದಿನಕ್ಕೆ 10 ನಿಮಿಷಗಳಿಂದ ಆರಂಭಿಸಿ, ವಾರಗಳ ಅಂತರದಲ್ಲಿ ವೇಳೆಯನ್ನು ಹೆಚ್ಚಿಸಲಿ. ದಿನಕ್ಕೆ ಹತ್ತು ಗಂಟೆ ಕೂರುವ ಮೌನ ಶಿಬಿರಕ್ಕೆ ನೇರವಾಗಿ ಹೋಗುವುದು ಸರಿಯಲ್ಲ. ಭಯ ಉಕ್ಕಿದರೆ ಕಣ್ಣು ತೆರೆದು, ಪಾದಗಳನ್ನು ನೆಲಕ್ಕೂರಿ, ಸುತ್ತಲಿನ ವಸ್ತುಗಳನ್ನು ಒಂದೊಂದಾಗಿ ಹೆಸರಿಸಿ. ನಿದ್ರೆ ಬಾರದಿರುವುದು, ಜಗತ್ತು ನಿಜವಲ್ಲವೆನಿಸುವುದು, ಇಲ್ಲದ ಧ್ವನಿ ಕೇಳಿಸುವುದು ಮುಂದುವರಿದರೆ ಅಭ್ಯಾಸ ನಿಲ್ಲಿಸಿ ಮನೋವೈದ್ಯರನ್ನು ಕಾಣಬೇಕು. ತೀವ್ರ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ವೈದ್ಯರ ಸಲಹೆಯಿಲ್ಲದೆ ದೀರ್ಘ ಸಾಧನೆಗೆ ಇಳಿಯಬಾರದು. 'ಧ್ಯಾನವಿದೆಯಲ್ಲ' ಎಂದು ಔಷಧಿಯನ್ನು ತಾವಾಗಿಯೇ ಎಂದಿಗೂ ಬಿಡಬಾರದು.

ಶಿಕ್ಷಕರಿಗೆ ಒಂದು ಮಾತು

ಬ್ರಿಟನ್ನಿನ 85 ಶಾಲೆಗಳ 8,000ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ಅಧ್ಯಯನದ ಫಲಿತಾಂಶ 2022ರಲ್ಲಿ ಹೊರಬಂದಿತು. ತರಗತಿಯಲ್ಲಿ ಮನಸ್ಸಿನ ಎಚ್ಚರದ ಅಭ್ಯಾಸ ಕಲಿತವರ ಮಾನಸಿಕ ಆರೋಗ್ಯ, ಎಂದಿನ ಪಾಠಗಳನ್ನಷ್ಟೇ ಕಲಿತವರಿಗಿಂತ ಮೇಲಾಗಿರಲಿಲ್ಲ. ಹಾಗಾಗಿ ಮಕ್ಕಳಿಗೆ ಧ್ಯಾನವನ್ನು ಕಡ್ಡಾಯ ಮಾಡಬೇಡಿ. ಕಣ್ಣು ತೆರೆದು ಕೂರಲು, ಬೇಡವೆನಿಸಿದರೆ ಎದ್ದು ಹೋಗಲು ಅವಕಾಶವಿರಲಿ. ಯಾರಿಗೆ ಏನು ಕಂಡಿತೆಂದು ಎಲ್ಲರ ಮುಂದೆ ಕೇಳಿದರೆ ಮಕ್ಕಳು ಕಾಣದ್ದನ್ನೂ ಕಂಡೆವೆನ್ನುತ್ತಾರೆ, ಹೆದರಿದ ಮಗು ಬಾಯಿ ಬಿಡುವುದಿಲ್ಲ.

ಧ್ಯಾನ ಸರಿಯಾಗಿ ಸಾಗುತ್ತಿದೆಯೇ ಎಂಬುದನ್ನು ಕಣ್ಣು ಮುಚ್ಚಿದಾಗಿನ ಅನುಭವದಿಂದ ಅಳೆಯಲಾಗದು. ರಾತ್ರಿ ನಿದ್ರೆ ಚೆನ್ನಾಗಿದೆಯೆ, ಕೆಲಸದಲ್ಲಿ ಗಮನ ನಿಲ್ಲುತ್ತಿದೆಯೆ, ಮನೆಯವರೊಡನೆ ಸಿಡುಕುವುದು ಕಡಿಮೆಯಾಗಿದೆಯೆ? ಈ ಪ್ರಶ್ನೆಗಳಿಗೆ ಮನೆಯವರ ಉತ್ತರವನ್ನೂ ಕೇಳಿ ನೋಡುವುದು ಒಳ್ಳೆಯದು.