ಆಂಬುಲೆನ್ಸ್ ಬರುವವರೆಗಿನ ಹೊತ್ತು

ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಫೋನು ಮಾಡುವವರು ಸಾಮಾನ್ಯವಾಗಿ ಯಾವುದಾದರೊಂದು ಹಾಡು ಕೇಳುತ್ತಾರೆ. ಈಚೆಗೆ ಘಾಟ್‌ಕೋಪರ್‌ನ ಹಿರಿಯರೊಬ್ಬರು ಹಾಡಿನ ಸುದ್ದಿಯನ್ನೇ ಎತ್ತದೆ, 108ಕ್ಕೆ ಫೋನು ಮಾಡಿದ ಮೇಲೆ ಗಾಡಿ ಎಷ್ಟು ಹೊತ್ತಿನಲ್ಲಿ ಬರಬೇಕು, ಅದಕ್ಕೇನಾದರೂ ಲೆಕ್ಕವಿದೆಯೇ ಎಂದು ಕೇಳಿದರು.

ಲೆಕ್ಕವಿದೆ. ಮಹಾರಾಷ್ಟ್ರದಲ್ಲಿ 108 ಸೇವೆ ಆರಂಭವಾದದ್ದು 2014ರ ಜನವರಿಯಲ್ಲಿ, 937 ಆಂಬುಲೆನ್ಸ್‌ಗಳೊಂದಿಗೆ. ನಗರದಲ್ಲಿ 20 ನಿಮಿಷ, ಹಳ್ಳಿಗಳಲ್ಲಿ 30 ನಿಮಿಷದೊಳಗೆ ತಲುಪಬೇಕೆಂಬುದು ಆಗಲೇ ಇಟ್ಟುಕೊಂಡ ಗುರಿ. ಕರ್ನಾಟಕದಲ್ಲಿ ಇದೇ ಸಂಖ್ಯೆಯ 'ಆರೋಗ್ಯ ಕವಚ' 2008ರ ನವೆಂಬರ್ 1ರಂದೇ, ರಾಜ್ಯೋತ್ಸವದ ದಿನ, ಶುರುವಾಗಿತ್ತು. ಅಂದರೆ ಊರಲ್ಲಿರುವ ನಮ್ಮ ಅಣ್ಣತಮ್ಮಂದಿರಿಗೆ ಸಿಕ್ಕ ಸೌಲಭ್ಯಕ್ಕೆ ಮುಂಬಯಿಯಲ್ಲಿದ್ದ ನಾವು ಐದು ವರ್ಷಕ್ಕೂ ಹೆಚ್ಚು ಕಾದೆವು. ನಡುವೆ ನಮಗಿದ್ದ ಆಸರೆಗಳಲ್ಲಿ 2005ರಲ್ಲಿ ಆರಂಭವಾದ 1298 ಸೇವೆ ಮುಖ್ಯವಾದದ್ದು. ಖಾಸಗಿ ಆಸ್ಪತ್ರೆಗೆ ಹೋಗುವವರಿಗೆ ಪೂರ್ಣ ದರ, ಸರಕಾರಿ ಆಸ್ಪತ್ರೆಗೆ ಹೋಗುವವರಿಗೆ ಕಡಿಮೆ ದರ ಎಂಬುದು ಅದರ ಪದ್ಧತಿ. 2008ರ ನವೆಂಬರ್ 26ರ ರಾತ್ರಿ ಗಾಯಾಳುಗಳನ್ನು ಹೊತ್ತು ಓಡಿದವುಗಳಲ್ಲಿ ಆ ಹಳದಿ ಗಾಡಿಗಳೂ ಇದ್ದವು.

ಈ 20 ನಿಮಿಷ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಾಯುವುದೆಂದರೆ ಒಂದೇ ಕಾಯುವಿಕೆಯಲ್ಲ. ಫೋನು ಎತ್ತುವವರೆಗೆ ಒಂದು, ವಿಳಾಸ ತಿಳಿಯುವವರೆಗೆ ಒಂದು, ಖಾಲಿ ಗಾಡಿ ಸಿಗುವವರೆಗೆ ಇನ್ನೊಂದು. ಆಮೇಲೆ ರಸ್ತೆ, ಆಮೇಲೆ ಮೆಟ್ಟಿಲು, ಕೊನೆಗೆ ಆಸ್ಪತ್ರೆಯ ಬಾಗಿಲು. ಗಾಡಿ ಗಲ್ಲಿಯ ತುದಿಗೆ ಬಂದರೆ ಕಾಗದದ ಮೇಲೆ 'ತಲುಪಿದೆ' ಎಂದಾಗುತ್ತದೆ. ನಾಲ್ಕನೆಯ ಮಾಳಿಗೆಯಲ್ಲಿ ಎದೆ ಹಿಡಿದುಕೊಂಡು ಕುಳಿತವರ ಪಾಲಿಗೆ ಅದಿನ್ನೂ ತಲುಪಿಲ್ಲ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಕಟ್ಟಡದ ಮೇಲಿನ ಮನೆಯ ಅಜ್ಜಿಗೆ ಒಂದು ಬೆಳಿಗ್ಗೆ ಉಸಿರಾಟ ಕಷ್ಟವಾಯಿತು. ಗಾಡಿ ಹದಿನೈದೇ ನಿಮಿಷದಲ್ಲಿ ನಮ್ಮ ರಸ್ತೆಗೆ ಬಂತು. ಆದರೆ ಅದೇ ರಸ್ತೆಯಲ್ಲಿ ಒಂದೇ ಹೆಸರಿನ ಮೂರು ಸೊಸೈಟಿಗಳು! ಯಾವ ವಿಂಗ್ ಎಂದು ಫೋನಿನಲ್ಲಿ ನಾವ್ಯಾರೂ ಹೇಳಿರಲಿಲ್ಲ. ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸಲಿಲ್ಲ. ಕೊನೆಗೆ ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ಇಳಿಸಿದೆವು. ಚಾಳುಗಳಲ್ಲಿ ಬೆಳೆದವರಿಗೆ ಈ ಕುರ್ಚಿ ಹೊಸದಲ್ಲ.

ಇನ್ನು ರಸ್ತೆ. ಮುಂಬಯಿ ಉದ್ದಕ್ಕೆ ಚಾಚಿಕೊಂಡ ಊರು. ಉತ್ತರದಿಂದ ದಕ್ಷಿಣಕ್ಕೆ ಹೆದ್ದಾರಿಗಳಿವೆ, ಪೂರ್ವದಿಂದ ಪಶ್ಚಿಮಕ್ಕೆ ದಾಟಬೇಕಾದರೆ ರೈಲು ಹಳಿಯ ಮೇಲಿನ ಕೆಲವೇ ಸೇತುವೆಗಳು ಗತಿ. ಒಂದು ಸೇತುವೆ ಮುಚ್ಚಿದರೆ ಆಸ್ಪತ್ರೆಯೇ ದೂರ ಹೋದಂತೆ. ಅಂಧೇರಿಯ ಗೋಖಲೆ ಸೇತುವೆಯ ಕಾಲುದಾರಿ 2018ರ ಜುಲೈಯಲ್ಲಿ ಹಳಿಯ ಮೇಲೆ ಕುಸಿಯಿತು. 2022ರ ನವೆಂಬರಿನಲ್ಲಿ ಇಡೀ ಸೇತುವೆಯನ್ನೇ ಮುಚ್ಚಿದರು. ಅಂಧೇರಿ ಪೂರ್ವದವರು ಪಶ್ಚಿಮದ ಕೂಪರ್ ಆಸ್ಪತ್ರೆಗೆ ಸುತ್ತಿ ಬಳಸಿ ಹೋಗಬೇಕಾಯಿತು. 2024ರ ಫೆಬ್ರವರಿಯಲ್ಲಿ ಒಂದು ಬದಿ ತೆರೆದಾಗ, ಪಕ್ಕದ ಬರ್ಫಿವಾಲಾ ಮೇಲ್ಸೇತುವೆಗೂ ಅದಕ್ಕೂ ಎತ್ತರವೇ ಹೊಂದದೆ ಊರಿಗೆಲ್ಲ ನಗೆಪಾಟಲಾಯಿತು. ಪೂರ್ತಿ ತೆರೆದದ್ದು 2025ರ ಮೇಯಲ್ಲಿ. ಇತ್ತ ಸಾಯನ್ ಆಸ್ಪತ್ರೆಯಿಂದ ದೂರವಿಲ್ಲದ, ನೂರು ವರ್ಷಕ್ಕೂ ಹಳೆಯ ಸಾಯನ್ ಸೇತುವೆಯನ್ನು 2024ರ ಆಗಸ್ಟಿನಲ್ಲಿ ಕೆಡವಲೆಂದು ಮುಚ್ಚಿದರು. 2025ರ ಸೆಪ್ಟೆಂಬರಿನಲ್ಲಿ ಪ್ರಭಾದೇವಿಯ ಎಲ್ಫಿನ್‌ಸ್ಟನ್ ಸೇತುವೆಯ ಸರದಿ. ಅದರ ಆಚೆಗೇ ಪರೇಲಿನ ಕೆಇಎಂ, ವಾಡಿಯಾ, ಟಾಟಾ ಆಸ್ಪತ್ರೆಗಳಿವೆ. ಹಳೆಯ ಸೇತುವೆ ಕೆಡವಬೇಕಾದದ್ದೇ, ತಕರಾರಿಲ್ಲ. ಆದರೆ ಸೇತುವೆ ಮುಚ್ಚುವ ದಿನವೇ ಆ ಬದಿಗೆ ಹೆಚ್ಚಿನ ಆಂಬುಲೆನ್ಸ್ ನಿಲ್ಲಿಸುವುದು ಕೆಲಸದ ಒಂದು ಭಾಗವೇ ಆಗಬೇಕೆಂದು ನನಗನ್ನಿಸುತ್ತದೆ.

ಇಕ್ಕಟ್ಟಿನ ಗಲ್ಲಿಗಳಿಗೆಂದು 2017ರ ಆಗಸ್ಟಿನಲ್ಲಿ ಮುಂಬಯಿಯಲ್ಲಿ ಹತ್ತು ಬೈಕ್ ಆಂಬುಲೆನ್ಸ್‌ಗಳನ್ನು ಇಳಿಸಿದರು. ಅವು ರೋಗಿಯನ್ನು ಒಯ್ಯಲಾರವು. ದೊಡ್ಡ ಗಾಡಿ ಬರುವತನಕ ಆಮ್ಲಜನಕ, ಪ್ರಥಮ ಚಿಕಿತ್ಸೆ ಕೊಡಬಲ್ಲವು. ಉಪಾಯ ಒಳ್ಳೆಯದು, ಊರಿನ ಗಾತ್ರಕ್ಕೆ ಹತ್ತು ಸಾಲದು.

ನಿಮಿಷಕ್ಕೆ ಇಷ್ಟೊಂದು ಬೆಲೆ ಏಕೆ? ಹೃದಯ ಪೂರ್ತಿ ನಿಂತಾಗ, ಎದೆ ಒತ್ತುವವರು ಯಾರೂ ಇಲ್ಲದಿದ್ದರೆ, ಬದುಕುವ ಸಂಭವ ನಿಮಿಷಕ್ಕೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ಅಂದಮೇಲೆ ಗಾಡಿ ಹೇಳಿದ ಹೊತ್ತಿಗೇ ಬಂದರೂ ಅಲ್ಲಿ ತಡವೇ. ಪ್ರಜ್ಞೆಯಿಲ್ಲದೆ, ಸರಿಯಾಗಿ ಉಸಿರಾಡದೆ ಬಿದ್ದವರ ಎದೆಯ ನಡುವೆ ಎರಡೂ ಅಂಗೈ ಊರಿ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುವುದು ಮನೆಯವರೇ ಮಾಡಬೇಕಾದ ಕೆಲಸ. ನಮ್ಮ ಕನ್ನಡ ಸಂಘಗಳು ವರ್ಷಕ್ಕೊಂದು ದಿನ ಇದರ ತರಬೇತಿ ಇಟ್ಟುಕೊಂಡರೆ ಎಷ್ಟು ಚೆನ್ನ. ಪಾರ್ಶ್ವವಾಯುವಿನ ಲೆಕ್ಕ ಬೇರೆ: ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೆ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ಬಾಯಿ ಸೊಟ್ಟಗಾದದ್ದು, ಮಾತು ತೊದಲಿದ್ದು ಎಷ್ಟು ಗಂಟೆಗೆ ಎಂದು ಗುರುತಿಟ್ಟುಕೊಳ್ಳಿ. ಡಾಕ್ಟರರು ಮೊದಲು ಕೇಳುವುದೇ ಅದನ್ನು.

ರಸ್ತೆಯಲ್ಲಿ ಬಿದ್ದವರನ್ನು ಎತ್ತಿದರೆ ಪೊಲೀಸರ ಕಾಟ ಎಂದು ಹಿಂಜರಿಯಬೇಡಿ. ಸುಪ್ರೀಂ ಕೋರ್ಟಿನ 2016ರ ಆದೇಶವೂ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯೂ ನೆರವಾದವರಿಗೆ ರಕ್ಷಣೆ ಕೊಟ್ಟಿವೆ. ಅದೇ ಕಾಯಿದೆಯಲ್ಲಿ ಆಂಬುಲೆನ್ಸ್‌ಗೆ ದಾರಿ ಬಿಡದವರಿಗೆ 10,000 ರೂಪಾಯಿ ದಂಡವೂ ಇದೆ.

108ರ ಕರೆ ಸೇರುವುದು ಪುಣೆಯಲ್ಲಿರುವ ನಿಯಂತ್ರಣ ಕೊಠಡಿಗೆ. ಅಲ್ಲಿ ಕುಳಿತವರಿಗೆ ನಿಮ್ಮ ನಾಕಾ, ನಿಮ್ಮ ಗಲ್ಲಿ ಗೊತ್ತಿರಬೇಕೆಂದಿಲ್ಲ. ಆದ್ದರಿಂದ ಸ್ಟೇಷನ್ನಿನ ಹೆಸರು, ಪೂರ್ವವೋ ಪಶ್ಚಿಮವೋ, ಹತ್ತಿರದ ದೇವಸ್ಥಾನ ಅಥವಾ ಶಾಲೆ, ಕಟ್ಟಡ, ವಿಂಗ್, ಮಾಳಿಗೆ ಇಷ್ಟನ್ನೂ ಒಂದು ಚೀಟಿಯಲ್ಲಿ ಹಿಂದಿ ಅಥವಾ ಮರಾಠಿಯಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿಡಿ. ಗಾಬರಿಯಲ್ಲಿ ನಮ್ಮ ಬಾಯಿಗೆ ಬರುವುದು ಕನ್ನಡವೋ ತುಳುವೋ ಹೇಳಲಾಗದು. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರನ್ನು ಕೆಳಗೆ ಗೇಟಿಗೆ ಕಳಿಸಿ, ವಾಚ್‌ಮನ್‌ಗೂ ಹೇಳಿಡಿ. ನಮ್ಮ ಕಟ್ಟಡದಲ್ಲಿ ಈಗ ಆ ಕುರ್ಚಿಯನ್ನು ಮೀಟರ್ ಕೋಣೆಯಲ್ಲೇ ಇಟ್ಟಿದ್ದೇವೆ.