ನೀರು ಬಿಟ್ಟ ಬುತ್ತಿ, ನೀರು ಹೊತ್ತ ಪೊಟ್ಟಣ

ಲೇಹ್‌ನಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲಿಟ್ಟವರು ಮೊದಲು ಒಲೆಯನ್ನೇ ಬೈಯುತ್ತಾರೆ. ನೀರು ಕೊತಕೊತ ಕುದಿಯುತ್ತಿರುತ್ತದೆ, ಬೇಳೆ ಮಾತ್ರ ಹಾಗೇ ಕಲ್ಲು. ತಪ್ಪು ಒಲೆಯದಲ್ಲ. ಸುಮಾರು 3,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಇಳಿದಿರುವುದರಿಂದ ನೀರು 88 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೇ ಕುದಿಯುತ್ತದೆ. ಎಷ್ಟು ಉರಿ ಮಾಡಿದರೂ ಅದರಾಚೆಗೆ ಬಿಸಿ ಏರದು.

ಇಂಥ ಎತ್ತರದಲ್ಲಿ ಗಡಿ ಕಾಯುವವರಿಗೆ ಏನು ಉಣಿಸುವುದು? ಉತ್ತರ ಹುಡುಕುವ ಕೆಲಸ ಬಿದ್ದದ್ದು ಮೈಸೂರಿನ ಪಾಲಿಗೆ. ಚೆಲುವಾಂಬ ಅರಮನೆಯಲ್ಲಿ 1950ರಿಂದಲೇ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇತ್ತು. 1961ರಲ್ಲಿ ಅದೇ ಊರಿನಲ್ಲಿ ಸೇನೆಗೆಂದೇ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಅಂದರೆ ಡಿಎಫ್‌ಆರ್‌ಎಲ್, ಶುರುವಾಯಿತು. ಇಂದು ಚಾರಣಿಗರ ಬ್ಯಾಗಿನಲ್ಲಿರುವ ದಿಢೀರ್ ಉಪ್ಪಿಟ್ಟು, ಪುಲಾವ್‌ಗಳ ಬೇರು ಹುಡುಕುತ್ತ ಹೋದರೆ ಈ ಪ್ರಯೋಗಾಲಯ ಸಿಗುತ್ತದೆ. ಅಲ್ಲಿ ಹಿಡಿದ ಒಂದು ದಾರಿ ಸರಳವಾಗಿತ್ತು: ಕೆಳಗೇ ಬೇಯಿಸಿ, ನೀರಿನಂಶ ತೆಗೆದು, ಹಗುರ ಮಾಡಿ ಮೇಲಕ್ಕೆ ಕಳಿಸು, ತಿನ್ನುವವನು ಬಿಸಿನೀರು ಹಾಕಿಕೊಳ್ಳಲಿ.

ನಮ್ಮ ಅಜ್ಜಿಯರು ಇದನ್ನು ಕೇಳಿದ್ದರೆ ‘ಅಷ್ಟೇನಾ?’ ಅನ್ನುತ್ತಿದ್ದರು. ಕುಚೇಲ ಸೆರಗಿನಲ್ಲಿ ಕಟ್ಟಿಕೊಂಡು ದ್ವಾರಕೆಗೆ ನಡೆದದ್ದು ಇಂಥದ್ದನ್ನೇ ತಾನೆ? ಭತ್ತ ನೆನೆಸಿ, ಬಿಸಿ ಮರಳಿನಲ್ಲಿ ಹುರಿದು, ಬಿಸಿಯಾಗಿರುವಾಗಲೇ ಕುಟ್ಟಿದರೆ ಅವಲಕ್ಕಿ. ಹುರಿಯುವಾಗಲೇ ಕಾಳಿನೊಳಗಿನ ಪಿಷ್ಟ ಬೆಂದಿರುತ್ತದೆ, ಆದ್ದರಿಂದ ತಣ್ಣೀರು ಚಿಮುಕಿಸಿದರೂ ಮೆತ್ತಗಾಗುತ್ತದೆ. ರಾಗಿಯನ್ನು ಅರಳು ಹುರಿದು ಬೀಸಿದ ಹುರಿಹಿಟ್ಟಿನದೂ ಅದೇ ಜಾಣತನ. ಬೆಲ್ಲ, ಕಾಯಿತುರಿ, ಒಂದಿಷ್ಟು ನೀರು ಸೇರಿಸಿ ಕಲಸಿದರೆ ಊಟವೇ ಆಯಿತು. ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಉತ್ತರ ಕರ್ನಾಟಕದವರ ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಇರುತ್ತವೆ. ತೇವವಿಲ್ಲದ ರೊಟ್ಟಿಗೆ ಬೂಸ್ಟು ಹಿಡಿಯುವುದಿಲ್ಲ. ಶೇಂಗಾದಲ್ಲಿ ಅರ್ಧದಷ್ಟು ಎಣ್ಣೆ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕಿಲೊಕ್ಯಾಲರಿ, ಪಿಷ್ಟದಲ್ಲಾದರೆ 4. ಲೆಕ್ಕ ಗೊತ್ತಿಲ್ಲದೆಯೂ ಯಾರೋ ಸರಿಯಾಗಿಯೇ ಆಯ್ದಿದ್ದಾರೆ.

ಆದರೆ ಒಣ ಆಹಾರ ನಾಲ್ಕು ದಿನಕ್ಕೆ ನಾಲಿಗೆಗೆ ಬೇಸರ ತರಿಸುತ್ತದೆ. ಸಾರು, ಪಲ್ಯ, ಗ್ರೇವಿ ಬೇಕೆನಿಸುತ್ತದೆ. ಅಲ್ಲಿಗೆ ರಿಟಾರ್ಟ್ ಪೊಟ್ಟಣ ಬಂತು. ಹೊರಗೆ ಪಾಲಿಯೆಸ್ಟರ್, ನಡುವೆ ಅಲ್ಯೂಮಿನಿಯಂ ಹಾಳೆ, ಒಳಗೆ ಪಾಲಿಪ್ರೊಪಿಲೀನ್. ಅಡುಗೆ ತುಂಬಿ ಬಾಯಿ ಮುಚ್ಚಿ, ಒತ್ತಡದಲ್ಲಿ 121 ಡಿಗ್ರಿಯ ಸುತ್ತಮುತ್ತ ಕಾಯಿಸಿದರೆ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಗಳೂ ಸಾಯುತ್ತವೆ. ತಗಡಿನ ಡಬ್ಬಿಗಿಂತ ಪೊಟ್ಟಣ ಚಪ್ಪಟೆ. ಬಿಸಿ ಬೇಗ ನಡುಭಾಗ ಮುಟ್ಟುವುದರಿಂದ ಅಡುಗೆ ಅಷ್ಟಾಗಿ ಮುದ್ದೆಯಾಗುವುದಿಲ್ಲ. ಅಮೆರಿಕದ ಸೇನೆ 1980ರ ದಶಕದಲ್ಲಿ ಡಬ್ಬಿ ಬಿಟ್ಟು ಇದಕ್ಕೆ ಒಗ್ಗಿಕೊಂಡಿತು. ಡಿಎಫ್‌ಆರ್‌ಎಲ್ ಇದನ್ನು ನಮ್ಮ ಅಡುಗೆಗೆ ಹೊಂದಿಸಿತು. ತಿಂಗಳುಗಟ್ಟಲೆ ಕೆಡದ ಚಪಾತಿಯನ್ನೂ ಮಾಡಿತು. 1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ರಾಕೇಶ್ ಶರ್ಮಾ ಅವರ ಜೊತೆ ಹೋದದ್ದೂ ಮೈಸೂರಿನಲ್ಲೇ ತಯಾರಾದ ತಿನಿಸು.

ತಂತ್ರಜ್ಞಾನ ಮುಂದೆ ಖಾಸಗಿ ಕಂಪನಿಗಳಿಗೆ ಸಿಕ್ಕಿತು, ಅಂಗಡಿಗೆ ಬಂತು, ಅಲ್ಲಿಂದ ಬೆನ್ನಚೀಲಕ್ಕೆ. ಈ ನಡುವೆ 1983ರಲ್ಲಿ ಭಾರತಕ್ಕೆ ಬಂದ ಮ್ಯಾಗಿ ಬೆಟ್ಟಗುಡ್ಡಗಳನ್ನೆಲ್ಲ ಆಗಲೇ ಗೆದ್ದುಕೊಂಡಿತ್ತು. ಅದರ ಬಗ್ಗೆ ಹೆಚ್ಚು ಹೇಳುವುದು ಬೇಡ. ಹಸಿದವರು ಅದನ್ನು ಎಂದೂ ಬೈದದ್ದಿಲ್ಲ.

ನನ್ನ ತಕರಾರು ರಿಟಾರ್ಟ್ ಪೊಟ್ಟಣದ ರುಚಿಯ ಮೇಲಲ್ಲ, ತೂಕದ ಮೇಲೆ. ನೂರು ಗ್ರಾಂ ಅವಲಕ್ಕಿಯಲ್ಲಿ ಸುಮಾರು 350 ಕಿಲೊಕ್ಯಾಲರಿ ಇದೆ. ಅಷ್ಟೇ ಶಕ್ತಿಗೆ ಪೊಟ್ಟಣದ ಬಿಸಿಬೇಳೆಬಾತ್ ಹೆಚ್ಚುಕಡಿಮೆ ಮುನ್ನೂರು ಗ್ರಾಂ ಬೇಕು. ಉಳಿದದ್ದರಲ್ಲಿ ಬಹುಪಾಲು ನೀರು. ಲಾರಿಯೋ ಹೆಲಿಕಾಪ್ಟರೋ ಹೊತ್ತು ತರುವ ಕಡೆ ಇದು ದೊಡ್ಡ ಸಂಗತಿಯಲ್ಲ. ಸ್ವಂತ ಹೆಗಲಾದರೆ ಸಂಗತಿಯೇ.

ಹಾಗೆಂದು ಒಣಗಿದ್ದೇ ಸದಾ ಗೆಲ್ಲುತ್ತದೆ ಅಂತಲೂ ಇಲ್ಲ. ದಾರಿಯಲ್ಲಿ ನೀರು ಸಿಗದಿದ್ದರೆ ಒಣ ಅಡುಗೆಗೆ ಬೇಕಾದ ನೀರನ್ನೂ ನೀವೇ ಹೊರಬೇಕು. ಆಗ ಲಾಭ ಸೊನ್ನೆ. 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಕುಕ್ಕೆ ಕಡೆಯಿಂದ ಹತ್ತುವವರು ಇದಕ್ಕೇ ದಾರಿಯಲ್ಲಿ ಸಿಗುವ ಗಿರಿಗದ್ದೆಯ ಭಟ್ಟರ ಮನೆಯನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅಲ್ಲಿ ಅನ್ನ, ಸಾಂಬಾರು, ಮಜ್ಜಿಗೆ ಸಿಗುವುದಾದರೆ ಅಷ್ಟು ಊಟ ಬ್ಯಾಗಿನಿಂದ ಇಳಿದಂತೆ. ಮೇಲಿನ ಕಲ್ಲುಮಂಟಪದ ಬಳಿಯ ನೀರು ಬೇಸಿಗೆಯಲ್ಲಿ ನಂಬುವಂಥದ್ದಲ್ಲ. ಹಾಗಾಗಿ ಯಾವ ತಿಂಗಳು ಎಂಬುದರ ಮೇಲೆ ಬುತ್ತಿ ಬದಲಾಗುತ್ತದೆ.

ನೀರು ಸಿಗುವ ದಾರಿಗೆ ನನ್ನ ಓಟು ಗೊಜ್ಜವಲಕ್ಕಿಗೆ. ಗಟ್ಟಿ ಅವಲಕ್ಕಿಯನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಬೆರಳಲ್ಲಿ ಒತ್ತಿದರೆ ಪುಟಕ್ಕನೆ ಮುರಿಯುವಂತಾದ ಮೇಲೆ ತರಿತರಿಯಾಗಿ ಪುಡಿ ಮಾಡಿ. ಹುಣಸೆರಸ, ಬೆಲ್ಲ, ಉಪ್ಪು, ಸಾರಿನಪುಡಿಯನ್ನು ಧಾರಾಳ ಎಣ್ಣೆಯ ಒಗ್ಗರಣೆಯಲ್ಲಿ ಕುದಿಸಿ, ಅಂಚಿನಲ್ಲಿ ಎಣ್ಣೆ ಬಿಡುವವರೆಗೂ ಕೈಯಾಡಿಸಿ. ಹುಳಿ, ಉಪ್ಪು, ಬೆಲ್ಲ ಮೂರೂ ಸೇರಿ ಗೊಜ್ಜು ಕೆಡದಂತೆ ಕಾಯುತ್ತವೆ. ಈರುಳ್ಳಿ, ಹಸಿ ತೆಂಗಿನಕಾಯಿ ಬೇಡ, ಕೊಬ್ಬರಿ ಆಗಬಹುದು. ಪುಡಿ, ಗೊಜ್ಜು ಎರಡೂ ಪೂರ್ತಿ ಆರಿದ ಮೇಲೆಯೇ ಬೇರೆಬೇರೆ ಡಬ್ಬಿಗೆ ಹಾಕಿ, ಇಲ್ಲದಿದ್ದರೆ ಮುಚ್ಚಳದ ಒಳಗೆ ಬೆವರು ಕೂತು ಕೆಟ್ಟೀತು. ಮೇಲೆ ಹೋದಾಗ ಗೊಜ್ಜನ್ನು ನೀರಿನಲ್ಲಿ ಕದಡಿ ಪುಡಿಗೆ ಸುರಿದು ಹತ್ತು ನಿಮಿಷ ಮುಚ್ಚಿಟ್ಟರೆ ಆಯಿತು. ಒಲೆ ಬೇಡ, ಆದ್ದರಿಂದ ಗ್ಯಾಸ್ ಡಬ್ಬಿಯ ಭಾರವೂ ಉಳಿಯುತ್ತದೆ. ಕಡಲೆಕಾಯಿ ಬೀಜವನ್ನು ಮಾತ್ರ ಬೇರೆ ಪೊಟ್ಟಣದಲ್ಲಿಟ್ಟು ತಿನ್ನುವಾಗ ಹಾಕಿಕೊಳ್ಳಿ, ಗರಿಗರಿಯಾಗಿರುತ್ತದೆ.