ಎಡಗಿವಿ, ಬಲಗಿವಿ

ಮನುಷ್ಯನ ದೇಹದಲ್ಲಿ ಜೋಡಿಯಾಗಿರುವ ಅಂಗಗಳು ಹಲವು. ಎರಡು ಕೈಗಳಲ್ಲಿ ಒಂದು ನೊಂದರೆ ಅದು ಆ ಕ್ಷಣವೇ ತಿಳಿಯುತ್ತದೆ. ಎರಡು ಕಾಲುಗಳಲ್ಲಿ ಒಂದು ಸೋತರೆ ನಡಿಗೆಯೇ ಅದನ್ನು ಸಾರಿ ಹೇಳುತ್ತದೆ. ಕಿವಿಗಳ ಸಂಗತಿ ಹಾಗಲ್ಲ. ಒಂದು ಕಿವಿ ಮಂದವಾದರೆ ಇನ್ನೊಂದು ಅದರ ಹೊರೆಯನ್ನೂ ಸದ್ದಿಲ್ಲದೆ ಹೊತ್ತುಬಿಡುತ್ತದೆ. ಮಾತು ಕೇಳಿಸುತ್ತದೆ, ಹಾಡು ಕೇಳಿಸುತ್ತದೆ, ಕರೆದರೆ ಓಗೊಡಲೂ ಸಾಧ್ಯವಾಗುತ್ತದೆ. ಆದುದರಿಂದ ಒಂದು ಕಿವಿಯ ಕೊರತೆಯು ಮನೆಯವರಿಗಿರಲಿ, ಅನೇಕ ವೇಳೆ ಅದನ್ನು ಅನುಭವಿಸುತ್ತಿರುವವನಿಗೇ ವರ್ಷಗಟ್ಟಲೆ ತಿಳಿಯದೆ ಉಳಿಯುತ್ತದೆ.

ಒಂದೇ ಕಿವಿಯಿಂದ ಕೇಳಲು ಸಾಧ್ಯವಿರುವಾಗ ಪ್ರಕೃತಿಯು ಎರಡು ಕಿವಿಗಳನ್ನು ಕೊಟ್ಟುದೇಕೆ? ಶಬ್ದವನ್ನು ಕೇಳುವುದು ಒಂದು ಕೆಲಸ. ಅದು ಎತ್ತಲಿಂದ ಬಂದಿತೆಂದು ಅರಿಯುವುದು ಇನ್ನೊಂದು ಕೆಲಸ. ಈ ಎರಡನೆಯ ಕೆಲಸಕ್ಕೆ ಎರಡೂ ಕಿವಿಗಳ ಸಹಕಾರ ಬೇಕು. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಚಲಿಸುತ್ತದೆ. ಬಲಗಡೆಯಿಂದ ಬಂದ ಶಬ್ದವು ಮೊದಲು ಬಲಗಿವಿಯನ್ನು ಮುಟ್ಟಿ, ಬಳಿಕ ತಲೆಯನ್ನು ಬಳಸಿಕೊಂಡು ಎಡಗಿವಿಯನ್ನು ಸೇರಬೇಕು. ಈ ವಿಳಂಬವು ಹೆಚ್ಚೆಂದರೆ ಒಂದು ಸೆಕೆಂಡಿನ ಹತ್ತು ಸಾವಿರ ಭಾಗಗಳಲ್ಲಿ ಆರೇಳು ಭಾಗ ಮಾತ್ರ. ಆದರೂ ಮಿದುಳಿಗೆ ಅದು ಧಾರಾಳವಾದ ಕಾಲ. ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು ಸೂಕ್ಷ್ಮವಾದ ಅಂತರವನ್ನೂ ಅದು ಗುರುತಿಸಬಲ್ಲದು.

ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿಯವರು ಈ ವಿಷಯವನ್ನು ಹಲವು ವರ್ಷಗಳ ಕಾಲ ಅಭ್ಯಸಿಸಿದರು. 1907ರಲ್ಲಿ ಪ್ರಕಟವಾದ ಅವರ ವಿವರಣೆ ಇಂದಿಗೂ ಮಾನ್ಯವಾಗಿದೆ. ಸೆಕೆಂಡಿಗೆ 340 ಕಂಪನಗಳುಳ್ಳ ತಗ್ಗಿದ ಸ್ವರದ ಅಲೆಯ ಉದ್ದ ಸುಮಾರು ಒಂದು ಮೀಟರ್. ಅದು ತಲೆಗಿಂತ ಬಹಳ ದೊಡ್ಡದಾದುದರಿಂದ ತಲೆಯನ್ನು ಸುಲಭವಾಗಿ ಬಳಸಿಕೊಂಡು ಹೋಗುತ್ತದೆ. ಅಂಥ ಸ್ವರಗಳ ದಿಕ್ಕನ್ನು ಮಿದುಳು ಎರಡು ಕಿವಿಗಳ ನಡುವಣ ಕಾಲದ ಅಂತರದಿಂದ ಅರಿಯುತ್ತದೆ. ಸೆಕೆಂಡಿಗೆ 3,400 ಕಂಪನಗಳುಳ್ಳ ಏರಿದ ಸ್ವರದ ಅಲೆಯಾದರೋ ಕೇವಲ ಹತ್ತು ಸೆಂಟಿಮೀಟರ್ ಉದ್ದದ್ದು. ಅದಕ್ಕೆ ತಲೆಯು ಗೋಡೆಯಂತೆ ಅಡ್ಡವಾಗುತ್ತದೆ. ಬಿಸಿಲಿಗೆ ಅಡ್ಡ ನಿಂತ ಮರವು ನೆರಳು ಚೆಲ್ಲುವಂತೆ ತಲೆಯೂ ಶಬ್ದಕ್ಕೆ ನೆರಳು ಚೆಲ್ಲುತ್ತದೆ. ಆ ನೆರಳಿನಲ್ಲಿರುವ ಕಿವಿಗೆ ಸ್ವರವು ಕ್ಷೀಣವಾಗಿ ಕೇಳಿಸುವುದರಿಂದ ದಿಕ್ಕು ತಿಳಿಯುತ್ತದೆ.

ಒಂದು ಕಿವಿ ಮಂದವಾದರೆ ಈ ಹೋಲಿಕೆಯ ಕೆಲಸವೇ ಕೆಡುತ್ತದೆ. ಹಿಂದಿನಿಂದ ಬಂದ ವಾಹನದ ಹಾರ್ನ್ ಕೇಳಿಸಿದರೂ ಅದು ಯಾವ ಕಡೆಯದೆಂಬುದು ತಿಳಿಯದೆ ಮನುಷ್ಯನು ಅಪಾಯದ ಕಡೆಗೇ ಸರಿಯಬಹುದು. ಜಾತ್ರೆ, ಮದುವೆ ಮನೆ, ಗದ್ದಲದ ತರಗತಿ ಮುಂತಾದೆಡೆಗಳಲ್ಲಿ ಬೇಕಾದ ಮಾತನ್ನು ಬೇಡದ ಸದ್ದಿನಿಂದ ಬೇರ್ಪಡಿಸುವುದು ಅವನಿಗೆ ಕಷ್ಟವಾಗುತ್ತದೆ. ಮಂದಗಿವಿಯ ಕಡೆಯಿಂದ ಮೆಲ್ಲಗೆ ಆಡಿದ ಮಾತು ತಲೆಯ ನೆರಳಿನಲ್ಲಿ ಕಳೆದುಹೋಗುತ್ತದೆ. ಕೆಲವೊಮ್ಮೆ ಉತ್ತರ ಕೊಟ್ಟು, ಕೆಲವೊಮ್ಮೆ ಕೊಡದಿರುವ ವಿದ್ಯಾರ್ಥಿಯನ್ನು ಕಂಡು ಜನರು ‘ಜಾಣಗಿವುಡು’ ಎಂದು ಆಡಿಕೊಳ್ಳುತ್ತಾರೆ. ಗಮನವಿಲ್ಲದವನು, ಉದ್ಧಟ ಎಂಬ ಹೆಸರೂ ಅವನಿಗೆ ಅಂಟಿಕೊಳ್ಳಬಹುದು. ಆದರೆ ಅವನು ಕುಳಿತ ಸ್ಥಳವೇ ಅವನ ಶತ್ರುವಾಗಿದ್ದಿರಬಹುದು.

ಕೊರತೆ ಎಲ್ಲಿ ಹುಟ್ಟುತ್ತದೆಂಬುದನ್ನು ತಿಳಿಯಲು ಕಿವಿಯ ರಚನೆಯನ್ನು ನೆನೆಯಬೇಕು. ಹೊರಗಿವಿಯ ನಾಳದ ಮೂಲಕ ಬಂದ ಶಬ್ದವು ಕಿವಿಯ ತಮಟೆಯನ್ನು ಕಂಪಿಸುತ್ತದೆ. ಆ ಕಂಪನವನ್ನು ನಡುಗಿವಿಯ ಮೂರು ಪುಟ್ಟ ಮೂಳೆಗಳು ಒಳಗಿವಿಗೆ ಸಾಗಿಸುತ್ತವೆ. ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಅದನ್ನು ನರಸಂದೇಶವಾಗಿ ಮಾರ್ಪಡಿಸಿ ಮಿದುಳಿಗೆ ಕಳುಹಿಸುತ್ತವೆ. ನಾಳದಲ್ಲಿ ಗುಗ್ಗೆ ಗಟ್ಟಿಯಾಗಿ ನಿಂತರೆ, ತಮಟೆಗೆ ತೂತಾದರೆ, ಅಥವಾ ನಡುಗಿವಿಯಲ್ಲಿ ಕೀವು ತುಂಬಿ ಕಿವಿ ಸೋರತೊಡಗಿದರೆ ಶಬ್ದದ ದಾರಿಗೆ ತಡೆಯುಂಟಾಗುತ್ತದೆ. ಇಂಥ ಕೊರತೆಗಳಲ್ಲಿ ಹೆಚ್ಚಿನವು ಚಿಕಿತ್ಸೆಗೆ ಬಗ್ಗುತ್ತವೆ. ಒಳಗಿವಿಯ ರೋಮಕೋಶಗಳು ಸತ್ತರೆ ಮಾತ್ರ ಅವು ಮತ್ತೆ ಹುಟ್ಟುವುದಿಲ್ಲ. ಮಂಗನಬಾವು ಅಪರೂಪಕ್ಕೆ ಇಂಥ ಹಾನಿಯನ್ನುಂಟುಮಾಡುತ್ತದೆ. ಹಾಗಾದಾಗ ಸಾಮಾನ್ಯವಾಗಿ ಒಂದೇ ಕಿವಿ ಕೆಡುತ್ತದೆ. ಬಲಭುಜಕ್ಕೆ ಬಂದೂಕವನ್ನು ಆನಿಸಿ ಗುಂಡು ಹಾರಿಸುವವರಲ್ಲಿ ಎಡಗಿವಿಗೇ ಹೆಚ್ಚು ಪೆಟ್ಟು. ಬಂದೂಕದ ಬಾಯಿಯ ಕಡೆಗೆ ತಿರುಗಿರುವುದು ಎಡಗಿವಿ. ಬಲಗಿವಿಯು ತಲೆಯ ನೆರಳಿನಲ್ಲಿ ಅಷ್ಟಿಷ್ಟು ರಕ್ಷಣೆ ಪಡೆಯುತ್ತದೆ.

ಕೊರತೆ ಶಬ್ದದ ದಾರಿಯಲ್ಲಿದೆಯೇ, ನರದ ಕಡೆಯಲ್ಲಿದೆಯೇ ಎಂಬುದನ್ನು ಅರಿಯಲು ಸರಳವಾದ ಪರೀಕ್ಷೆಯೊಂದಿದೆ. ಅದು ಜರ್ಮನಿಯ ಅರ್ನ್ಸ್ಟ್ ಹೈನ್ರಿಕ್ ವೇಬರ್ ಅವರ ಹೆಸರಿನಿಂದ ಪ್ರಸಿದ್ಧವಾಗಿದೆ. ಕಂಪಿಸುತ್ತಿರುವ ಶ್ರುತಿಕವೆಯ ಬುಡವನ್ನು ಹಣೆಯ ನಡುವೆ ಊರಿದರೆ ನಾದವು ತಲೆಬುರುಡೆಯ ಮೂಲಕ ಎರಡೂ ಒಳಗಿವಿಗಳನ್ನು ತಲುಪುತ್ತದೆ. ಎರಡು ಕಿವಿಗಳೂ ಸಮನಾಗಿದ್ದರೆ ನಾದವು ತಲೆಯ ನಡುವೆ ಕೇಳಿಸುತ್ತದೆ. ಒಂದು ಒಳಗಿವಿ ಕೆಟ್ಟಿದ್ದರೆ ಅದು ಒಳ್ಳೆಯ ಕಿವಿಯ ಕಡೆಗೆ ವಾಲುತ್ತದೆ. ಆದರೆ ಗುಗ್ಗೆ ಮುಂತಾದ ತಡೆಯಿದ್ದರೆ, ಆಶ್ಚರ್ಯವೆಂಬಂತೆ, ನಾದವು ತಡೆಯುಳ್ಳ ಕಿವಿಯಲ್ಲೇ ಜೋರಾಗಿ ಕೇಳಿಸುತ್ತದೆ! ಶ್ರುತಿಕವೆ ಇಲ್ಲದೆಯೂ ಇದನ್ನು ಪರೀಕ್ಷಿಸಬಹುದು. ಬಾಯಿ ಮುಚ್ಚಿ ‘ಮ್’ ಎಂದು ಗುನುಗುತ್ತ ಒಂದು ಕಿವಿಯ ದ್ವಾರವನ್ನು ಬೆರಳಿನಿಂದ ಮೆಲ್ಲಗೆ ಮುಚ್ಚಿದರೆ, ಗುನುಗು ಮುಚ್ಚಿದ ಕಿವಿಗೇ ಸರಿಯುತ್ತದೆ. ಮೂಳೆಯ ಮೂಲಕ ಬಂದ ನಾದವು ಕಿವಿಯ ನಾಳದಿಂದ ಹೊರಗೆ ಸೋರಿಹೋಗಲಾರದೆ ಅಲ್ಲಿಯೇ ಉಳಿಯುವುದು ಇದಕ್ಕೆ ಮುಖ್ಯ ಕಾರಣ.

ಕೊರತೆಯ ಪ್ರಮಾಣವನ್ನು ಖಚಿತವಾಗಿ ಅಳೆಯುವುದು ಶ್ರವಣಮಾಪಕ ಯಂತ್ರ. ನಿಶ್ಶಬ್ದವಾದ ಕೋಣೆಯಲ್ಲಿ ಕುಳಿತವನಿಗೆ ಬೇರೆ ಬೇರೆ ಸ್ಥಾಯಿಯ ಸ್ವರಗಳನ್ನು ಒಂದೊಂದು ಕಿವಿಗೂ ಪ್ರತ್ಯೇಕವಾಗಿ ಕೇಳಿಸಿ, ಅವನಿಗೆ ಕೇಳಿಸುವ ಅತಿ ಮೆಲುವಾದ ಸದ್ದನ್ನು ಡೆಸಿಬೆಲ್‌ಗಳಲ್ಲಿ ಗುರುತಿಸುತ್ತಾರೆ. ಎರಡು ಕಿವಿಗಳ ನಡುವೆ 5 ಡೆಸಿಬೆಲ್‌ಗಳಷ್ಟು ಅಂತರ ಕಂಡರೆ ಗಾಬರಿಪಡಬೇಕಾಗಿಲ್ಲ. ಹಲವು ಸ್ವರಗಳಲ್ಲಿ 15 ಡೆಸಿಬೆಲ್ ಅಥವಾ ಅದಕ್ಕೂ ಹೆಚ್ಚಿನ ಅಂತರವಿದ್ದರೆ ಕಾರಣವನ್ನು ಹುಡುಕಬೇಕು. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಪರೀಕ್ಷೆ, ಚಿಕಿತ್ಸೆ ಹಾಗೂ ಸಂಶೋಧನೆಗಳು ನಡೆಯುತ್ತಿವೆ.

ಯಂತ್ರದ ಬಳಿಗೆ ಹೋಗುವ ಮೊದಲೇ ಕೆಲವು ಸೂಚನೆಗಳು ದೊರೆಯುತ್ತವೆ. ದೂರವಾಣಿಯನ್ನು ಒಂದೇ ಕಿವಿಗೆ ಹಿಡಿಯುವುದು, ಮಾತನಾಡುವವರ ಕಡೆಗೆ ಸದಾ ಒಂದೇ ಕಿವಿಯನ್ನು ತಿರುಗಿಸುವುದು, ಕರೆದಾಗ ಬೇರೆ ದಿಕ್ಕಿಗೆ ನೋಡುವುದು—ಇವನ್ನು ಅಲಕ್ಷಿಸಬಾರದು. ಒಂದೇ ದೂರವಾಣಿಯನ್ನು, ಒಂದೇ ಸದ್ದಿಗೆ, ಎರಡೂ ಕಿವಿಗಳಿಗೆ ಸರದಿಯಂತೆ ಹಿಡಿದು ಹೋಲಿಸಬಹುದು. ಒಂದು ಕಿವಿಯನ್ನು ಮುಚ್ಚಿಸಿ, ಬೆನ್ನ ಹಿಂದೆ ಒಂದು ತೋಳಿನ ದೂರದಲ್ಲಿ ನಿಂತು ಪಿಸುಮಾತಿನಲ್ಲಿ ಅಂಕಿಗಳನ್ನು ಹೇಳಿ ಕೇಳಬಹುದು. ಇವು ಸಂಶಯವನ್ನು ಮೂಡಿಸಲು ಸಾಕು, ನಿರ್ಣಯಿಸಬೇಕಾದವರು ವೈದ್ಯರು.

ಒಂದು ಸಂದರ್ಭದಲ್ಲಂತೂ ತಡಮಾಡುವುದು ಸಲ್ಲದು. ರಾತ್ರಿ ಚೆನ್ನಾಗಿ ಕೇಳಿಸುತ್ತಿದ್ದ ಕಿವಿ ಬೆಳಗಾಗುವಷ್ಟರಲ್ಲಿ, ಇಲ್ಲವೆ ಎರಡು ಮೂರು ದಿನಗಳೊಳಗೆ, ಮಂದವಾಗಿಬಿಡುವುದುಂಟು. ಜೊತೆಗೆ ಕಿವಿಯಲ್ಲಿ ಮೊರೆತವೋ ತಲೆಸುತ್ತೋ ಕಾಣಿಸಿಕೊಳ್ಳಬಹುದು. ನೆಗಡಿಯಿಂದ ಕಿವಿ ಕಟ್ಟಿದೆಯೆಂದೋ ಗುಗ್ಗೆ ತುಂಬಿದೆಯೆಂದೋ ಭಾವಿಸಿ ಬೆಚ್ಚನೆಯ ಎಣ್ಣೆ ಹಾಕಿ ಕಾಯುತ್ತ ಕುಳಿತರೆ ಅಮೂಲ್ಯವಾದ ದಿನಗಳು ಕಳೆದುಹೋಗುತ್ತವೆ. ಬೇಗನೆ ಚಿಕಿತ್ಸೆ ದೊರೆತರೆ ಶ್ರವಣಶಕ್ತಿ ಮರಳುವ ಸಂಭವ ಹೆಚ್ಚು. ಬೆಂಕಿಕಡ್ಡಿ, ಪಿನ್ನು ಮೊದಲಾದವುಗಳನ್ನು ಕಿವಿಗೆ ಹಾಕುವುದು ಎಂದಿಗೂ ಯೋಗ್ಯವಲ್ಲ.

ಚಿಕಿತ್ಸೆಯಿಂದ ಗುಣವಾಗದ ಕೊರತೆಗೂ ಪರಿಹಾರಗಳಿವೆ. ಮಂದಗಿವಿಯ ಕಡೆಯ ಶಬ್ದವನ್ನು ಹಿಡಿದು ಒಳ್ಳೆಯ ಕಿವಿಗೆ ಮುಟ್ಟಿಸುವ ಶ್ರವಣಸಾಧನಗಳು ಬಂದಿವೆ. ಅಷ್ಟೇ ಮುಖ್ಯವಾದ ಇನ್ನೊಂದು ಪರಿಹಾರಕ್ಕೆ ಹಣ ಬೇಕಿಲ್ಲ. ಅಂಥ ವಿದ್ಯಾರ್ಥಿಗೆ ಒಳ್ಳೆಯ ಕಿವಿಯು ಉಪಾಧ್ಯಾಯರ ಕಡೆಗಿರುವಂತೆ ಮುಂದಿನ ಸಾಲಿನಲ್ಲಿ ಸ್ಥಳ ಕೊಟ್ಟರೆ ಪಾಠದ ಬಹುಭಾಗ ಅವನಿಗೆ ದಕ್ಕುತ್ತದೆ. ಗೆಳೆಯರು ಅವನ ಆ ಪಕ್ಕದಲ್ಲೇ ನಡೆದರೆ ಮಾತು ಅವನನ್ನು ತಲುಪುತ್ತದೆ. ಕೂಗಿ ಗೇಲಿಮಾಡುವುದಕ್ಕಿಂತ ಎರಡು ಹೆಜ್ಜೆ ಸರಿದು ನಿಂತು ಮಾತನಾಡುವುದು ಸುಲಭ. ಅದರಲ್ಲಿ ವಿವೇಕವೂ ಇದೆ, ಸ್ನೇಹವೂ ಇದೆ.